ಅರವತ್ತರ ದಶಕದ ಎಂಜಿಬಿ ಕೊಂಡದ್ದು

ಆಕ್ಸ್‌ಫರ್ಡಿಗೆ ಕೆಲಸದ ಮೇಲೆ ಬಂದು ನೆಲೆಸಿದ ಬಳಿಕ, ಪಕ್ಕದ ಅಬಿಂಗ್ಡನ್‌ನಲ್ಲಿ ತಯಾರಾಗುತ್ತಿದ್ದ ಎಂಜಿಬಿ ರೋಡ್‌ಸ್ಟರ್ ಎಂಬ, ಮೇಲ್ಛಾವಣಿ ತೆರೆಯಬಹುದಾದ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಹುಚ್ಚು ನನಗೆ ಹತ್ತಿತು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದದ್ದರಿಂದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. 1964ರ ಕೊನೆಯಿಂದ ಅದರ 1798 ಸಿಸಿ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೆ ಮೂರರ ಬದಲು ಐದು ಬೇರಿಂಗುಗಳ ಆಸರೆ ದೊರೆತದ್ದರಿಂದ, ಅದಕ್ಕಿಂತ ಹಳೆಯದು ಬೇಡವೆಂದು ನಿಶ್ಚಯಿಸಿಕೊಂಡೆ.

ಮೊದಲು ನೋಡಿದ ಕೆಂಪು ಕಾರು ಮದುವಣಗಿತ್ತಿಯಂತೆ ಮಿಂಚುತ್ತಿತ್ತು, ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಆದರೆ ಎಂಜಿಬಿಗೆ ಬಾಡಿಯನ್ನು ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ, ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಸಿಲ್‌ಗಳೇ ಅದರ ಬೆನ್ನೆಲುಬು, ಮತ್ತು ಅವು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಮೇಲೆ ಎಳೆಯುತ್ತ ಹೋದಾಗ, ಹಿಂದಿನ ಚಕ್ರದ ಬಳಿ ಒಂದು ಗೇಣಿನಷ್ಟು ಜಾಗದಲ್ಲಿ ಅದು ಅಂಟಲೇ ಇಲ್ಲ. ಬಣ್ಣದಡಿ ಇದ್ದದ್ದು ಬರೀ ಪುಟ್ಟಿ. ಜ್ಯಾಕ್ ಕೊಟ್ಟು ಹಿಂಭಾಗವನ್ನು ಎತ್ತಿದಾಗ ಬಾಗಿಲಿನ ಮೇಲಿನ ಸಂದು ಕಿರಿದಾಗಿ, ಬಾಗಿಲು ತೆರೆಯದಂತೆ ಸಿಕ್ಕಿಕೊಂಡಿತು. ನಾನು ಕೈಮುಗಿದು ಹೊರಟೆ.

ಕೊನೆಗೆ ಕೊಂಡದ್ದು 1966ರ, ಬಣ್ಣ ಮಾಸಿದ, ಹೊಗೆ ಉಗುಳುವ ನೀಲಿ ಕಾರು. ಅದರ ಬಾಗಿಲ ಸಂದುಗಳು ಸಮವಾಗಿದ್ದವು. ಸಿಲ್ ಬದಲಿಸಿದ ಕಾಲದ ಫೋಟೋಗಳನ್ನೂ ರಸೀದಿಗಳನ್ನೂ ಮಾಲೀಕರು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಜೋಪಾನವಾಗಿ ಇಟ್ಟಿದ್ದರು. ಎಂಜಿನ್ನನ್ನು ಒಂದೇ ದಿನದಲ್ಲಿ ಇಳಿಸಬಹುದು, ಆದರೆ ಸಿಲ್ ಎಂದರೆ ವಾರಗಟ್ಟಲೆ ಕತ್ತರಿಸಿ ಬೆಸೆಯುವ ಕೆಲಸ, ಅದರ ಕೂಲಿಯೇ ಹೆಚ್ಚು ಎಂಬ ಲೆಕ್ಕದಲ್ಲಿ 8,500 ಪೌಂಡಿಗೆ ಮಾತು ಮುಗಿಸಿದೆ.

ಆದರೂ ಒಂದೆಡೆ ಎಡವಿದೆ. ಕಡ್ಡಿಚಕ್ರಗಳ ನಡುವಿನ ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ. ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗಲೆಲ್ಲ ಹಿಂದಿನಿಂದ ಟಕ್ಕೆಂಬ ಸದ್ದು ಬರತೊಡಗಿತು. ಬಿಚ್ಚಿದರೆ ಚಕ್ರ ಕೂರುವ ಹಬ್ಬಿನ ಹಲ್ಲುಗಳು ಸವೆದು ಗರಗಸದಂತೆ ಚೂಪಾಗಿದ್ದವು. ಎರಡು ಹಬ್ಬು, ಎರಡು ಚಕ್ರ ಹೊಸದಾಗಿ ಹಾಕಿಸಬೇಕಾಯಿತು.

ಇನ್ನೊಂದು ಪೂರ್ತಿ ನನ್ನದೇ ತಪ್ಪು. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಮೈನಸ್ ಬದಲು ಪ್ಲಸ್ ತುದಿಯನ್ನೇ ಕಾರಿನ ಬಾಡಿಗೆ ಜೋಡಿಸಿರುತ್ತಾರೆ. ಅದನ್ನು ಮರೆತು ಮೊಬೈಲ್ ಚಾರ್ಜರಿನ ತಂತಿ ಎಳೆದು ಸುಟ್ಟುಕೊಂಡೆ. ಅನಂತರ ಡ್ಯಾಶ್‌ಬೋರ್ಡಿನ ಕೆಳಗೆ ‘ಪ್ಲಸ್ ಬಾಡಿಗೆ’ ಎಂದು ಚೀಟಿ ಅಂಟಿಸಿದೆ. ಊರಿನಿಂದ ಬಂದಿದ್ದ ತಂಗಿ ಅದನ್ನು ಓದಿ, ‘ಇದನ್ನೂ ಬಾಡಿಗೆಗೆ ಬಿಡ್ತೀಯೇನಣ್ಣ?’ ಎಂದಳು.