ಕೂನ್‌ಹೌಂಡ್ ಕೂಟ: ಜನರ ಪರಿಚಯ ಬೇಕಿದ್ದರೆ ಯಾವುದಕ್ಕೆ ಹೋಗಬೇಕು?

ಅಮೆರಿಕದ ಮಿಡ್‌ವೆಸ್ಟ್ ಅಥವಾ ದಕ್ಷಿಣದ ರಾಜ್ಯಗಳಲ್ಲಿ ಇದ್ದೀರಿ. ನಾಯಿ ಹುಚ್ಚು ಇದೆ. ಅದೂ ಬೇಟೆ ನಾಯಿ ಹುಚ್ಚು. ಆದರೆ ಮಾತಾಡೋಕೆ ಅದೇ ಹುಚ್ಚಿನ ಮಂದಿ ಸುತ್ತಮುತ್ತ ಯಾರೂ ಇಲ್ಲ. ಅಂಥವರಿಗಾಗಿ, ರಕೂನ್ ಅನ್ನುವ ರಾತ್ರಿ ಪ್ರಾಣಿಯ ಜಾಡು ಹಿಡಿಯುವ ಕೂನ್‌ಹೌಂಡ್ ನಾಯಿಗಳ ಕೂಟಗಳ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಕಡೆಯವನು. ಈಗ ಇರುವುದು ಇಂಡಿಯಾನಾದ ಕೊಲಂಬಸ್‌ನಲ್ಲಿ. ಕಮ್ಮಿನ್ಸ್ ಕಂಪನಿಯ ಊರು ಅಂದರೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಾಗುತ್ತದೆ. ಸೋದರಮಾವನ ಹೊಲದಲ್ಲಿ ಮುಧೋಳ ನಾಯಿಗಳ ಜೊತೆ ಬೆಳೆದವನು. ಇಲ್ಲಿ ಮನೆಯಲ್ಲಿರುವುದು ಟ್ರೀಯಿಂಗ್ ವಾಕರ್ ಅನ್ನುವ ಕೂನ್‌ಹೌಂಡ್ ತಳಿ. ಎರಡೂ ಬೇಟೆ ನಾಯಿಗಳೇ, ಆದರೆ ಸ್ವಭಾವ ಪೂರ್ತಿ ಬೇರೆ. ಮುಧೋಳದ್ದು ಕಣ್ಣಿನ ನಾಯಿ, ಸದ್ದಿಲ್ಲದೆ ಓಡುತ್ತದೆ. ಕೂನ್‌ಹೌಂಡ್ ಮೂಗು ಮತ್ತು ಗಂಟಲಿನ ನಾಯಿ. ಕತ್ತಲಲ್ಲಿ ರಕೂನಿನ ಜಾಡು ಹಿಡಿದು, ಕೂಗುತ್ತಾ ಓಡಿ, ಅದನ್ನು ಮರ ಹತ್ತಿಸಿ, ಬುಡದಲ್ಲಿ ನಿಂತು ಒಂದೇ ಸಮನೆ ಬೊಗಳುತ್ತದೆ. ಒಡೆಯ ಕತ್ತಲಲ್ಲಿ ನಿಂತು ಕಿವಿಯಲ್ಲೇ ಎಲ್ಲವನ್ನೂ ನೋಡಬೇಕು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಮುಧೋಳ ನಾಯಿಯವರು ಸೇರುವುದು ಪ್ರದರ್ಶನಗಳಲ್ಲಿ, ಇಲ್ಲವಾದರೆ ತಿಮ್ಮಾಪುರದ ಸಂಶೋಧನಾ ಕೇಂದ್ರದ ಕಡೆ. ಇಲ್ಲಿ ಹಾಗಲ್ಲ. ವರ್ಷವಿಡೀ ಒಂದಲ್ಲ ಒಂದು ಕಡೆ ಕೂನ್‌ಹೌಂಡ್ ಕೂಟ ಇದ್ದೇ ಇರುತ್ತದೆ. ಹಾಗಾಗಿ ಯಾವುದನ್ನು ಆರಿಸೋದು ಅನ್ನುವುದೇ ಕಷ್ಟ. ನನ್ನ ಲೆಕ್ಕ ಇಷ್ಟೇ: ಜನರ ಪರಿಚಯ ಬೇಕಿದ್ದರೆ ಬಹುಮಾನದ ಮೊತ್ತ ನೋಡಬೇಡಿ, ಊರಿನ ಹೆಸರೂ ನೋಡಬೇಡಿ. ಅಲ್ಲಿ ಜನ ಎಷ್ಟು ಹೊತ್ತು ಸುಮ್ನೆ ಕೂತಿರುತ್ತಾರೆ ಅನ್ನುವುದನ್ನು ನೋಡಿ.

ಮೊದಲು ಯಾರು ನಡೆಸುತ್ತಾರೆ ನೋಡಿ

ಮುಖ್ಯವಾಗಿ ಮೂರು ಸಂಸ್ಥೆಗಳ ಹೆಸರು ಕೇಳುತ್ತೀರಿ. ಯುಕೆಸಿ, ಅಂದರೆ ಯುನೈಟೆಡ್ ಕೆನೆಲ್ ಕ್ಲಬ್, ಕೂನ್‌ಹೌಂಡ್ ಮಂದಿಗೆ ಹಳೆಯ ಹೆಸರು, ಶುರುವಾಗಿದ್ದು 1898ರಲ್ಲಿ, ಮಿಷಿಗನ್ ರಾಜ್ಯದ್ದು. ಇದರಲ್ಲಿ ನಾಯಿಗೆ ಸಿಗುವುದು ಅಂಕ ಮತ್ತು ಬಿರುದು: ನೈಟ್ ಚಾಂಪಿಯನ್, ಗ್ರ್ಯಾಂಡ್ ನೈಟ್ ಚಾಂಪಿಯನ್ ಹೀಗೆ. ಪಿಕೆಸಿ, ಅಂದರೆ ಪ್ರೊಫೆಷನಲ್ ಕೆನೆಲ್ ಕ್ಲಬ್‌ನಲ್ಲಿ ದುಡ್ಡಿನ ಆಟ ಜಾಸ್ತಿ. ಎಕೆಸಿ ಅಂದರೆ ಅಮೆರಿಕನ್ ಕೆನೆಲ್ ಕ್ಲಬ್, ನಮಗೆಲ್ಲ ಗೊತ್ತಿರುವ ಡಾಗ್ ಶೋ ಸಂಸ್ಥೆಯೇ. ಅದೂ ಕೂನ್‌ಹೌಂಡ್ ಸ್ಪರ್ಧೆಗಳನ್ನು ನಡೆಸುತ್ತದೆ.

ಹೊಸಬರಿಗೆ ನಾನು ಹೇಳುವುದು ಯುಕೆಸಿ ಪರವಾನಗಿಯ ಸಣ್ಣ ಕ್ಲಬ್‌ಗಳನ್ನೇ. ದುಡ್ಡು ಜಾಸ್ತಿ ಇರುವ ಕಡೆ ಮಂದಿ ಬಿಗಿಯಾಗಿರುತ್ತಾರೆ. ಎಂಟ್ರಿ ಫೀ ದೊಡ್ಡದು ಕಟ್ಟಿ, ಎಷ್ಟೋ ದೂರದಿಂದ ಗಾಡಿ ಹೊಡೆದುಕೊಂಡು ಬಂದವನು ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಕೂರುವುದಿಲ್ಲ. ಅದು ತಪ್ಪೂ ಅಲ್ಲ.

ರಾತ್ರಿ ಏನಾಗುತ್ತದೆ

ಇದು ಗೊತ್ತಿಲ್ಲದೆ ಹೋದರೆ ಬೇಸರ ಬರುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಜೆ ಕ್ಲಬ್ ಮನೆಯಲ್ಲಿ ಎಂಟ್ರಿ ಬರೆಸುತ್ತಾರೆ. ಅದಕ್ಕೊಂದು ಗಡುವು ಇರುತ್ತದೆ. ಆಮೇಲೆ ಹೆಸರುಗಳನ್ನು ಗುಂಪು ಮಾಡುತ್ತಾರೆ. ಸಾಮಾನ್ಯವಾಗಿ ಒಂದು ಗುಂಪಿಗೆ ನಾಲ್ಕು ನಾಯಿ, ಇದಕ್ಕೆ ಕಾಸ್ಟ್ ಅನ್ನುತ್ತಾರೆ. ಜೊತೆಗೆ ಒಬ್ಬ ಜಡ್ಜ್, ಕಾಡು ಗೊತ್ತಿರುವ ಒಬ್ಬ ಗೈಡ್. ಎಷ್ಟೋ ಸಲ ಇವರಲ್ಲೇ ಒಬ್ಬ ತನ್ನ ನಾಯಿಯನ್ನೂ ಓಡಿಸುತ್ತಿರುತ್ತಾನೆ. ಟ್ರಕ್ ಹತ್ತಿ ಯಾರದೋ ಜೋಳದ ಹೊಲದ ಅಂಚಿಗೆ, ಹಳ್ಳದ ಪಕ್ಕದ ಕಾಡಿಗೆ ಹೋಗುತ್ತಾರೆ. ನಾಯಿ ಬಿಡುತ್ತಾರೆ. ಯುಕೆಸಿಯಲ್ಲಿ ಹೆಚ್ಚಾಗಿ ಎರಡು ಗಂಟೆಯ ಆಟ.

ನಾಯಿ ಜಾಡು ಹಿಡಿದು ಬಾಯಿ ಬಿಟ್ಟ ಕೂಡಲೇ ಅದರ ಒಡೆಯ ‘ಸ್ಟ್ರೈಕ್’ ಅಂತ ಕೂಗಬೇಕು. ಮೊದಲು ಕೂಗಿದವನಿಗೆ 100 ಅಂಕ, ಆಮೇಲೆ 75, 50, 25. ರಕೂನ್ ಮರ ಹತ್ತಿತು ಅಂತ ನಾಯಿಯ ದನಿ ಬದಲಾದರೆ ‘ಟ್ರೀ’ ಅಂತ ಕೂಗಬೇಕು. ಇಲ್ಲಿ ಮೊದಲನೆಯವನಿಗೆ 125. ಆಮೇಲೆ ಎಲ್ಲರೂ ಮರದ ಹತ್ತಿರ ಹೋಗಿ ಲೈಟ್ ಬಿಟ್ಟು ಹುಡುಕುತ್ತಾರೆ. ರಕೂನ್ ಕಂಡರೆ ಅಂಕ ಕೂಡುತ್ತದೆ. ಮರ ಖಾಲಿ ಅಂತ ಖಚಿತವಾದರೆ ಅದೇ ಅಂಕ ಕಳೆಯುತ್ತದೆ. ಪೊಟರೆಯೋ ದಟ್ಟ ಎಲೆಯೋ ಇದ್ದು ಹೇಳಲಾಗದಿದ್ದರೆ ಅಂಕಕ್ಕೆ ಸುತ್ತು ಹಾಕಿ ಬಿಡುತ್ತಾರೆ. ಅತ್ತ ಇಲ್ಲ, ಇತ್ತ ಇಲ್ಲ.

ರಕೂನನ್ನು ಕೊಲ್ಲುವುದಿಲ್ಲ. ಪರವಾನಗಿಯ ಸ್ಪರ್ಧೆಯಲ್ಲಿ ಕಾಸ್ಟ್ ಜೊತೆ ಬಂದೂಕೇ ಇರುವುದಿಲ್ಲ. ಲೈಟ್ ಆರಿಸಿ, ನಾಯಿಗೆ ಹಗ್ಗ ಹಾಕಿ, ಬೇರೆ ಕಡೆ ಎಳೆದುಕೊಂಡು ಹೋಗುತ್ತಾರೆ. ನಮ್ಮಮ್ಮನಿಗೆ ಇದನ್ನು ಹೇಳಿದಾಗಲೇ ಅವಳಿಗೆ ಸಮಾಧಾನವಾಗಿದ್ದು. ಹಾಗಂತ ಅಲ್ಲಿಗೆ ಬರುವವರು ಸ್ಪರ್ಧೆಯ ಹೊರಗೆ ಬೇಟೆ ಆಡುವುದೇ ಇಲ್ಲ ಅಂದುಕೊಳ್ಳಬೇಡಿ. ಸೀಸನ್‌ನಲ್ಲಿ ಆಡುತ್ತಾರೆ, ಚರ್ಮ ಮಾರುವವರೂ ಇದ್ದಾರೆ. ಆ ಮಾತೇ ಆಗುವುದಿಲ್ಲ ಅನ್ನುವವರಿಗೆ ಈ ಮಂದಿಯ ಸಹವಾಸವೂ ಆಗುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮಾತುಕತೆ ಆಗುವುದು ಕಾಡಿನಲ್ಲಲ್ಲ. ಅಲ್ಲಿ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ. ನಡುವೆ ನೀವು ಬಾಯಿ ತೆಗೆದರೆ ಯಾರದೋ 100 ಅಂಕ ಹೋಗುತ್ತದೆ. ಮಾತು ಆಗುವುದು ಎರಡು ಕಡೆ: ಟ್ರಕ್ಕಿನ ಒಳಗೆ, ಮತ್ತು ಎಂಟ್ರಿ ಮುಗಿದು ಕತ್ತಲಾಗುವವರೆಗೆ ಕ್ಲಬ್ ಮನೆಯ ಮುಂದೆ. ಆ ಹೊತ್ತಿನಲ್ಲಿ ನಾಯಿಯ ತಾಯಿ ತಂದೆ ಅಜ್ಜ ಮುತ್ತಜ್ಜ ಎಲ್ಲ ಬರುತ್ತಾರೆ, ಮದುವೆ ಮನೆಯಲ್ಲಿ ಹಿರಿಯರು ಗೋತ್ರ ಕೇಳಿದ ಹಾಗೆ. ಬೇಸಿಗೆಯಲ್ಲಿ ಇಂಡಿಯಾನಾದಲ್ಲಿ ಒಂಬತ್ತರ ಮೇಲೂ ಬೆಳಕಿರುತ್ತದೆ. ಅಂದರೆ ಕೂತು ಮಾತಾಡಲು ಜಾಸ್ತಿ ಹೊತ್ತು. ಚಳಿಗಾಲದಲ್ಲಿ ಐದೂವರೆಗೇ ಕತ್ತಲು, ಬಂದರು ಹೊರಟರು ಅಷ್ಟೇ. ಪರಿಚಯಕ್ಕೆ ಹೋಗುವವರು ಜೂನ್‌ನಿಂದ ಆಗಸ್ಟ್ ಒಳಗಿನ ಕೂಟ ಹಿಡಿಯಿರಿ.

ದೊಡ್ಡದೋ ಸಣ್ಣದೋ

ದೊಡ್ಡ ಹೆಸರು ಅಂದರೆ ಆಟಮ್ ಓಕ್ಸ್. ಯುಕೆಸಿಯದ್ದು, ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯಕ್ಕೆ. ಬಹಳ ವರ್ಷಗಳಿಂದ ನಮ್ಮ ರಾಜ್ಯದ್ದೇ ರಿಚ್‌ಮಂಡ್ ಊರಿನ ಫೇರ್‌ಗ್ರೌಂಡ್‌ನಲ್ಲಿ ನಡೆಯುತ್ತಿದೆ. ನಮ್ಮೂರಿಂದ ಎರಡು ಗಂಟೆಯೊಳಗಿನ ದಾರಿ. ಹಗಲು ಬೆಂಚ್ ಶೋ, ಅಂದರೆ ನಾಯಿಯ ಮೈಕಟ್ಟು ನೋಡುವ ಸ್ಪರ್ಧೆ; ರಾತ್ರಿ ಬೇಟೆ. ನಾಯಿ ಪೆಟ್ಟಿಗೆ, ಲೈಟ್, ನಾಯಿಯ ಜಿಪಿಎಸ್ ಕೊರಳಪಟ್ಟಿ ಮಾರುವ ಅಂಗಡಿ ಸಾಲು. ಸಾಲು ಸಾಲು ಟ್ರಕ್, ಎಲ್ಲಿ ನೋಡಿದರೂ ನಾಯಿ. ಇನ್ನೊಂದು ಗ್ರ್ಯಾಂಡ್ ಅಮೆರಿಕನ್, ಜನವರಿಯಲ್ಲಿ ಸೌತ್ ಕೆರೊಲಿನಾದ ಆರೆಂಜ್‌ಬರ್ಗ್‌ನಲ್ಲಿ. ಎರಡೂ ಜಾತ್ರೆಯೇ. ಕಣ್ಣು ತುಂಬ ನೋಡಬಹುದು, ಎಲ್ಲ ತಳಿಗಳನ್ನೂ ಒಂದೇ ಕಡೆ ಮುಟ್ಟಬಹುದು. ಆದರೆ ಅಲ್ಲಿ ಬಂದವರು ತಮ್ಮ ಹಳೆಯ ಗೆಳೆಯರನ್ನು ನೋಡಲು ಬಂದಿರುತ್ತಾರೆ, ಹೊಸಬ ಮೂಲೆಯಲ್ಲೇ ಉಳಿಯುತ್ತಾನೆ. ನಾಲ್ಕು ಮುಖ ಪರಿಚಯ ಆದ ಮೇಲೆ ಹೋಗಿ. ಆಗ ಅವರೇ ನಿಮ್ಮನ್ನು ಬೇರೆಯವರಿಗೆ ಪರಿಚಯ ಮಾಡಿಸುತ್ತಾರೆ.

ಇಂಥ ಜಾತ್ರೆಗೂ ಸಣ್ಣ ಕ್ಲಬ್‌ಗೂ ನಡುವೆ ತಳಿಗಳ ಕೂಟ ಅಂತ ಇದೆ: ಪ್ಲಾಟ್ ಡೇಸ್, ರೆಡ್‌ಬೋನ್ ಡೇಸ್, ಬ್ಲೂಟಿಕ್ ಡೇಸ್, ಹೀಗೆ. ನಿಮ್ಮ ಬಳಿ ಯಾವ ತಳಿ ಇದೆಯೋ ಅದಕ್ಕೆ ಹೋದರೆ ಮಾತು ತಾನಾಗಿ ಶುರುವಾಗುತ್ತದೆ. ಪ್ಲಾಟ್ ಮಂದಿಯಂತೂ ಕಥೆಗಾರರು. ಜರ್ಮನಿಯಿಂದ ಬಂದ ಪ್ಲಾಟ್ ಮನೆತನದ ಹೆಸರಿನ ನಾಯಿ ಅದು, 1989ರಿಂದ ನಾರ್ತ್ ಕೆರೊಲಿನಾದ ರಾಜ್ಯ ನಾಯಿ ಕೂಡ. ಬ್ಲೂಟಿಕ್‌ನವರಿಗೆ ಟೆನಿಸ್ಸಿ ವಿಶ್ವವಿದ್ಯಾಲಯದ ಸ್ಮೋಕಿ ಬಗ್ಗೆ ಕೇಳಿ ಸಾಕು. 1953ರಿಂದ ಒಂದರ ನಂತರ ಒಂದು ಬ್ಲೂಟಿಕ್ ಆ ಹೆಸರಿನಲ್ಲಿ ಫುಟ್‌ಬಾಲ್ ಮೈದಾನಕ್ಕೆ ಓಡುತ್ತಿದೆ. ತಳಿ ಕೂಟಗಳ ಜಾಗ ಆಗಾಗ ಬದಲಾಗುತ್ತದೆ, ಆ ವರ್ಷದ ಪಟ್ಟಿ ನೋಡಿಕೊಳ್ಳಿ.

ಸ್ಪರ್ಧೆಯೇ ಬೇಡ ಅನ್ನುವವರಿಗೂ ಒಂದು ಜಾಗ ಇದೆ. ಅಲಬಾಮಾದ ಟಸ್ಕಂಬಿಯಾ ಹತ್ತಿರ ಕೂನ್‌ಹೌಂಡ್‌ಗಳದ್ದೇ ಸ್ಮಶಾನ. 1937ರಲ್ಲಿ ಕೀ ಅಂಡರ್‌ವುಡ್ ಅನ್ನುವವರು ತಮ್ಮ ನಾಯಿ ಟ್ರೂಪ್‌ನನ್ನು ಅಲ್ಲಿ ಹೂಳಿದರು. ಅಂದಿನಿಂದ ಬೇರೆ ಜಾತಿ ನಾಯಿಗೆ ಅಲ್ಲಿ ಜಾಗ ಇಲ್ಲ. ಲೇಬರ್ ಡೇ ದಿನ ಅಲ್ಲಿ ಹಾಡು, ಊಟ, ಸುಳ್ಳು ಹೇಳುವ ಪಂದ್ಯ ಎಲ್ಲ ಇರುತ್ತದೆ. ಆಟಮ್ ಓಕ್ಸ್ ಕೂಡ ಅದೇ ವಾರಾಂತ್ಯ ಅನ್ನುವುದು ಒಂದು ತಲೆನೋವು. ರಿಚ್‌ಮಂಡ್‌ನಲ್ಲಿ ಶನಿವಾರದ ರಾತ್ರಿ ಮುಗಿಸಿ, ಭಾನುವಾರ ಏಳೆಂಟು ಗಂಟೆ ಗಾಡಿ ಹೊಡೆದರೆ ಎರಡೂ ಸಿಗುತ್ತವೆ. ಹೆಂಡತಿ ಒಪ್ಪಬೇಕು ಅಷ್ಟೇ.

ಹಗಲಿನ ಆಟಗಳಲ್ಲಿ ವಾಟರ್ ರೇಸ್ ನನಗೆ ಇಷ್ಟ. ಕೆರೆಯ ಮೇಲೆ ರಕೂನ್ ವಾಸನೆಯ ತೇಲುವ ಗುರಿಯನ್ನು ಎಳೆಯುತ್ತಾರೆ, ನಾಯಿಗಳು ಈಜಿಕೊಂಡು ಹಿಂಬಾಲಿಸುತ್ತವೆ. ಮಕ್ಕಳು ಮರಿ ಎಲ್ಲ ದಡದಲ್ಲಿ. ಕುಟುಂಬ ಸಮೇತ ಹೋಗುವವರು ಇದರಿಂದಲೇ ಶುರು ಮಾಡಿ. ಮರ ಬೊಗಳುವ ಸ್ಪರ್ಧೆ ಅಂತ ಇನ್ನೊಂದಿದೆ. ರಕೂನನ್ನು ಬೋನಿನಲ್ಲಿಟ್ಟು ಮೇಲೆ ಏರಿಸಿ, ಕೆಳಗೆ ನಾಯಿ ಎಷ್ಟು ಸಲ ಬೊಗಳಿತು ಅಂತ ಎಣಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ, ನಾನು ಹೋಗುವುದಿಲ್ಲ.

ಫೋನ್ ಮಾಡಿ

ಯುಕೆಸಿ ಪಟ್ಟಿಯಲ್ಲಿ ಪ್ರತಿ ಕೂಟದ ಜೊತೆ ಕ್ಲಬ್‌ನವರ ಫೋನ್ ನಂಬರ್ ಇರುತ್ತದೆ. ಇಮೇಲ್ ಕಳಿಸಿ ಕಾಯಬೇಡಿ. ಈ ಮಂದಿ ಫೋನ್ ಮಂದಿ. ಫೋನಿನಲ್ಲಿ ಹೇಳಬೇಕಾದ್ದು ಇಷ್ಟೇ: ನಾನು ಹೊಸಬ, ಮೊದಲ ಸಲ ನಾಯಿ ತರುವುದಿಲ್ಲ, ಒಂದು ಕಾಸ್ಟ್ ಜೊತೆ ನಡೆದುಕೊಂಡು ಬರಬಹುದಾ? ಆ ಕಡೆಯ ದನಿ ಹೇಗಿದೆ ಕೇಳಿಸಿಕೊಳ್ಳಿ. “ಬೇಗ ಬಾ, ಊಟ ಇರುತ್ತೆ” ಅಂದರೆ ಅದೇ ನಿಮ್ಮ ಕ್ಲಬ್. ಚುಟುಕಾಗಿ ಸಮಯ ಹೇಳಿ ಇಟ್ಟುಬಿಟ್ಟರೆ ಪಟ್ಟಿಯಲ್ಲಿ ಮುಂದಿನದು ನೋಡಿ. ನಮ್ಮ ಬಣ್ಣ, ನಮ್ಮ ಇಂಗ್ಲಿಷು ನೋಡಿ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಬಹಳ ಜನಕ್ಕಿರುತ್ತದೆ. ಅದು ಸಹಜ, ಅದೂ ರಾತ್ರಿ ಗೊತ್ತಿಲ್ಲದ ಕಾಡಿನಲ್ಲಿ. ಮೊದಲೇ ಫೋನ್ ಮಾಡಿ ಹೆಸರು ಹೇಳಿದ್ದರೆ ಅರ್ಧ ಕಡಿಮೆಯಾಗುತ್ತದೆ. ಮೊದಲ ಸಲ ಹಗಲಿನ ಬೆಂಚ್ ಶೋಗೆ ಮಾತ್ರ ಹೋದರೂ ನಡೆಯುತ್ತದೆ. ಟೋಪಿಗಳ ಮೇಲಿನ ರಾಜಕೀಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಾಯಿ ಮಾತು ಬಿಟ್ಟು ಆ ಕಡೆ ಹೋಗಲೂ ಬೇಡಿ.

ನಾಯಿ ತರಬೇಡಿ ಅಂದೆ. ಕೈಯಲ್ಲಿ ನಾಯಿ ಇದ್ದರೆ ಗಮನವೆಲ್ಲ ಅದರ ಮೇಲೆ. ಬರಿಗೈಯಲ್ಲಿ ಹೋದವನಿಗೆ ಯಾರಾದರೂ ಹಗ್ಗ ಕೊಟ್ಟು “ಸ್ವಲ್ಪ ಹಿಡ್ಕೋ” ಅನ್ನುತ್ತಾರೆ, ಅಲ್ಲಿಂದ ಮಾತು ಶುರು. ಮುಂದೆ ತರುವುದಾದರೆ ಅದರ ನೋಂದಣಿ ಕಾಗದ, ರೇಬಿಸ್ ಲಸಿಕೆಯ ಚೀಟಿ ಇಟ್ಟುಕೊಳ್ಳಿ. ಬೆದೆಗೆ ಬಂದ ಹೆಣ್ಣು ನಾಯಿಗೆ ಪ್ರವೇಶ ಇಲ್ಲ. ಬೇಟೆ ಪರವಾನಗಿ ಬೇಕೇ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಲಬ್‌ನವರನ್ನೇ ಕೇಳಿ.

ಕಾಸ್ಟ್ ಜೊತೆ ಹೋದಾಗ ಜಡ್ಜ್‌ಗೂ ನಾಲ್ಕೂ ಒಡೆಯರಿಗೂ ಒಪ್ಪಿಗೆ ಇದೆಯಾ ಕೇಳಿ. ಜಡ್ಜ್ ಹೇಳುವವರೆಗೆ ಮರದ ಕಡೆ ಲೈಟ್ ಬಿಡಬೇಡಿ. ರಕೂನ್ ನಿಮಗೇ ಮೊದಲು ಕಂಡರೂ ಬಾಯಿ ಮುಚ್ಚಿಕೊಂಡಿರಿ. ಅಂಕದ ಜಗಳ ಎದ್ದರೆ ನಿಮ್ಮ ಅಭಿಪ್ರಾಯ ಯಾರಿಗೂ ಬೇಡ.

ಬಟ್ಟೆ: ಜೀನ್ಸ್ ಸಾಲದು, ಮುಳ್ಳು ಹರಿದು ಹಾಕುತ್ತದೆ. ಮುಳ್ಳು ತಡೆಯುವ ದಪ್ಪ ಪ್ಯಾಂಟ್, ನೀರಿಳಿಯದ ಎತ್ತರದ ಬೂಟು. ರಕ್ತ ಹೀರುವ ಉಣ್ಣೆ ಹುಳಕ್ಕೆ ಔಷಧಿ ಹೊಡೆದುಕೊಳ್ಳಿ. ಇಲ್ಲಿನ ಲೋನ್ ಸ್ಟಾರ್ ಅನ್ನುವ ಉಣ್ಣೆ ಕಚ್ಚಿದರೆ ಕೆಲವರಿಗೆ ದನ, ಹಂದಿ ಮಾಂಸದ ಅಲರ್ಜಿ ಬರುತ್ತದೆ. ನಮಗೇನು ಅಂತ ಸಸ್ಯಾಹಾರಿಗಳು ನಗಬೇಡಿ, ಕೆಲವರಿಗೆ ಹಾಲು ಮೊಸರೂ ಆಗುವುದಿಲ್ಲವಂತೆ. ಮೊಸರಿಲ್ಲದ ಬದುಕು ಬೇಕಾ?

ಊಟದ ವಿಷಯಕ್ಕೆ ಬಂದರೆ, ಕ್ಲಬ್ ಅಡುಗೆಮನೆಯಲ್ಲಿ ಹಾಟ್ ಡಾಗ್, ಮಾಂಸ ಹಾಕಿದ ಚಿಲಿ, ಪೈ ಅನ್ನುವ ಸಿಹಿ ತಿಂಡಿ. ಸಸ್ಯಾಹಾರಿಗೆ ಪೈ ಮಾತ್ರ ಗತಿ. ಬುತ್ತಿ ಒಯ್ಯಿರಿ, ನಾಲ್ಕು ಜನಕ್ಕೆ ಆಗುವಷ್ಟು ಒಯ್ಯಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಆ ಕಡೆ ಚೆನ್ನಾಗಿ ಹೋಗುತ್ತದೆ. ಆದರೆ ಅವರ ಪೈ ಕೊಂಡೇ ಕೊಳ್ಳಿ. ಆ ದುಡ್ಡಿನಲ್ಲೇ ಕ್ಲಬ್ ಮನೆಯ ಕರೆಂಟ್ ಬಿಲ್ ಕಟ್ಟುವುದು. ನಗದು ಇಟ್ಟುಕೊಳ್ಳಿ, ಸಣ್ಣ ಕ್ಲಬ್‌ಗಳಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಬೇಡಿ.

ಎರಡು ಮೂರು ಸಲ ಅದೇ ಕ್ಲಬ್‌ಗೆ ಹೋದರೆ ಯಾರಾದರೂ “ಮಂಗಳವಾರ ಸುಮ್ನೆ ನಾಯಿ ಬಿಡ್ತೀವಿ, ಬರ್ತೀಯಾ” ಅನ್ನುತ್ತಾರೆ. ಅಂಕ ಇಲ್ಲ, ಜಡ್ಜ್ ಇಲ್ಲ. ಮರುದಿನ ಬೆಳಿಗ್ಗೆ ಆಫೀಸ್ ಮೀಟಿಂಗ್ ಇದ್ದರೂ ಹೂಂ ಅನ್ನಿ. ಗಾಡಿ ಎಲ್ಲಿ ನಿಲ್ಲಿಸಬೇಕು ಕೇಳಿಕೊಳ್ಳಿ, ಹೊಲದ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಬೆಳಗಿನ ಜಾವ ರೈತ ಟ್ರ್ಯಾಕ್ಟರ್ ತಂದು ಹಾರ್ನ್ ಹೊಡೆದರೆ, ನಿಮ್ಮನ್ನು ಕರೆದವನಿಗೂ ಆ ಹೊಲದಲ್ಲಿ ನಾಯಿ ಬಿಡುವ ಅನುಮತಿ ಹೋಗುತ್ತದೆ.