ಹಾಸನದ ಪ್ಲಾಸ್ಟಿಕ್ ಕವರು, ಜರ್ಮನಿಯ ವಿಮಾ ಕಾರ್ಡು

ಹಾಸನದಲ್ಲಿ ಅಪ್ಪನನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಹಳೆಯ ಚೀಟಿ, ಸ್ಕ್ಯಾನಿಂಗ್ ಫಿಲ್ಮು, ಮಡಿಕೆಯಲ್ಲಿ ಸವೆದ ಡಿಸ್ಚಾರ್ಜ್ ಸಮರಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೋಗುವುದು ನಮಗೆ ರೂಢಿ. ಅಲ್ಲಿಂದ ಜರ್ಮನಿಗೆ ಕೆಲಸಕ್ಕೆ ಬಂದವರು ಇಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ ಇರುತ್ತದೆಂದು ಭಾವಿಸುತ್ತಾರೆ. ಆದರೆ ಮೊನ್ನೆಮೊನ್ನೆಯವರೆಗೂ ಇಲ್ಲಿನ ಆಸ್ಪತ್ರೆಗಳು ಫ್ಯಾಕ್ಸ್ ಯಂತ್ರವನ್ನೇ ನೆಚ್ಚಿಕೊಂಡಿದ್ದವು.

ಈ ಸ್ಥಿತಿಯನ್ನು ಬದಲಿಸಲೆಂದೇ 2020ರಲ್ಲಿ ಆಸ್ಪತ್ರೆ ಭವಿಷ್ಯ ಕಾಯ್ದೆ ಬಂತು. ಕೇಂದ್ರದ ಬೊಕ್ಕಸದಿಂದ 300 ಕೋಟಿ ಯೂರೋ, ರಾಜ್ಯಗಳು ಮತ್ತು ಆಸ್ಪತ್ರೆಗಳನ್ನು ನಡೆಸುವವರಿಂದ ಸುಮಾರು 130 ಕೋಟಿ ಯೂರೋ ಸೇರಿಸಿ, ರೋಗಿಗಳ ಪೋರ್ಟಲ್, ಡಿಜಿಟಲ್ ದಾಖಲಾತಿ, ಔಷಧ ನಿರ್ವಹಣೆ ಮುಂತಾದವಕ್ಕೆ ಅನುದಾನ ನೀಡಲಾಯಿತು. ಪ್ರತಿ ಯೋಜನೆಯ ಅನುದಾನದಲ್ಲಿ ಕನಿಷ್ಠ 15 ಶೇಕಡ ಮಾಹಿತಿ ಸುರಕ್ಷತೆಗೇ ಹೋಗಬೇಕು. ನಿಗದಿಪಡಿಸಿದ ಸೇವೆಗಳನ್ನು ಅಳವಡಿಸದ ಆಸ್ಪತ್ರೆಯ ಬಿಲ್ಲಿನಿಂದ 2 ಶೇಕಡದವರೆಗೆ ಕಡಿತ ಮಾಡಲು ಅವಕಾಶವಿರುವುದೇ ಈ ಕಾಯ್ದೆಯ ನಿಜವಾದ ಬಲವೆಂದು ನನಗನ್ನಿಸುತ್ತದೆ. ಬರೀ ಅನುದಾನ ಕೊಟ್ಟು ಸುಮ್ಮನಾದರೆ ಏನಾಗುತ್ತದೆಂಬುದು ನಮ್ಮೂರಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಆಸ್ಪತ್ರೆಗಳಿಗೆ ಹೋದ ಈ ಅನುದಾನ ಬಹುಮಟ್ಟಿಗೆ ತೆರಿಗೆಯ ಹಣ. ಇನ್ನೊಂದು ಹಣ ನಿಮ್ಮ ಸಂಬಳದ ಚೀಟಿಯಲ್ಲೇ ಕಾಣುತ್ತದೆ: ಸಾರ್ವಜನಿಕ ಆರೋಗ್ಯ ವಿಮೆಗೆ ಸಂಬಳದ 14.6 ಶೇಕಡ, ಅದರ ಮೇಲೆ ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ವಂತಿಗೆ. ಅರ್ಧ ನಿಮ್ಮದು, ಅರ್ಧ ಕಂಪನಿಯದು. ನಿದ್ರಾಹೀನತೆ, ಬೆನ್ನುನೋವಿನಂತಹ ತೊಂದರೆಗಳಿಗೆ ಡಾಕ್ಟರು ಮಾತ್ರೆಯಂತೆಯೇ ಮೊಬೈಲ್ ಆ್ಯಪ್ ಬರೆದುಕೊಟ್ಟರೆ, ಅದು ಸರ್ಕಾರದ ಅಧಿಕೃತ ಪಟ್ಟಿಯಲ್ಲಿದ್ದ ಪಕ್ಷದಲ್ಲಿ, ಖರ್ಚು ಈ ನಿಧಿಯದು. ವಿಮಾ ಸಂಸ್ಥೆ ಕಳಿಸುವ 16 ಅಕ್ಷರ-ಅಂಕಿಗಳ ಕೋಡ್ ಹಾಕಿದರೆ ಆ್ಯಪ್ ತೆರೆದುಕೊಳ್ಳುತ್ತದೆ.

2024ರ ಜನವರಿಯಿಂದ ಔಷಧಿ ಚೀಟಿಯೂ ಡಿಜಿಟಲ್. ಡಾಕ್ಟರು ಕೈಗೆ ಏನನ್ನೂ ಕೊಡದೆ ಕಳಿಸಿದರೆಂದು ಗಾಬರಿಯಾಗಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ವಿಮಾ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದರೆ ಸಾಕು, ಪಿನ್ ಕೇಳುವುದಿಲ್ಲ. ಅವರ ಪರದೆಯ ಮೇಲೆ ಔಷಧಿಯ ಹೆಸರು ಮೂಡುತ್ತದೆ. ಸಾಮಾನ್ಯವಾಗಿ ಪ್ರತಿ ಔಷಧಿಗೆ 5ರಿಂದ 10 ಯೂರೋ ನೀವೇ ಕೊಡಬೇಕು. 28 ದಿನದೊಳಗೆ ಪಡೆಯದಿದ್ದರೆ ವಿಮೆ ಹಣ ಭರಿಸುವುದಿಲ್ಲ.

2025ರಿಂದ, ಬೇಡವೆಂದು ತಿಳಿಸದ ಹೊರತು, ಸಾರ್ವಜನಿಕ ವಿಮೆಯಲ್ಲಿರುವ ಪ್ರತಿಯೊಬ್ಬರಿಗೂ ಎಲೆಕ್ಟ್ರಾನಿಕ್ ರೋಗಿ ಕಡತ ತಾನಾಗಿ ತೆರೆಯುತ್ತದೆ. ಹಳೆಯ ಕಾಗದಗಳು ಮಾತ್ರ ತಾವಾಗಿ ಅದರೊಳಗೆ ಬರುವುದಿಲ್ಲ. ಎರಡು ವರ್ಷದಲ್ಲಿ ಎರಡು ಸಲ, ಸಲಕ್ಕೆ 10ರಂತೆ, ಕಾಗದದ ದಾಖಲೆಗಳನ್ನು ಡಿಜಿಟಲ್ ಮಾಡಿಕೊಡುವಂತೆ ವಿಮಾ ಸಂಸ್ಥೆಯನ್ನು ಕೇಳುವ ಹಕ್ಕು ನಿಮಗಿದೆ. ವಿಮಾ ಸಂಸ್ಥೆಯ ಆ್ಯಪ್ ಮೂಲಕ ನೀವೇ ಪಿಡಿಎಫ್ ಏರಿಸಲೂಬಹುದು. ಹಾಸನದಿಂದ ತಂದ ಕವರಿನಲ್ಲಿ ಶಸ್ತ್ರಚಿಕಿತ್ಸೆಯ ವಿವರ ಮತ್ತು ಅಲರ್ಜಿಯ ಚೀಟಿಯನ್ನು ಮೊದಲು ಹುಡುಕಿ ತೆಗೆಯಿರಿ.