ನಿಂಬೆ ಉಪ್ಪಿನಕಾಯಿ ಪಾಕೀಟಿಗೆ ನೀರಿನ ಪರೀಕ್ಷೆ ಸಾಲದು

ಇಂಡಿ ಕಡೆಯ ನಿಂಬೆಹಣ್ಣಿನ ಉಪ್ಪಿನಕಾಯಿಯನ್ನು ಪಾಕೀಟಿನಲ್ಲಿ ಮಾರುವವರು ಪ್ಲಾಸ್ಟಿಕ್ ರೋಲಿನ ಜೊತೆ ಬಂದ ‘ಫುಡ್ ಗ್ರೇಡ್’ ರಿಪೋರ್ಟನ್ನು ಜೋಪಾನವಾಗಿ ಫೈಲಿಗೆ ಹಾಕಿಟ್ಟುಕೊಂಡಿರುತ್ತಾರೆ. ಅಂಥ ರಿಪೋರ್ಟ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಯಾವ ದ್ರವದಲ್ಲಿ ಪರೀಕ್ಷೆ ಮಾಡಿದ್ದಾರೆ ಎಂಬ ಸಾಲಿಗೆ. ಬಹಳ ಸಲ ಅಲ್ಲಿ ‘ಡಿಸ್ಟಿಲ್ಡ್ ವಾಟರ್, 40 ಡಿಗ್ರಿ, 10 ದಿನ’ ಎಂದಷ್ಟೇ ಇರುತ್ತದೆ. ಕುಡಿಯುವ ನೀರಿನ ಪಾಕೀಟಿಗೆ ಅದು ಸರಿ. ಹುಳಿ, ಉಪ್ಪು, ಎಣ್ಣೆ ಮೂರೂ ಕೂಡಿರುವ ಉಪ್ಪಿನಕಾಯಿಗೆ ಆ ಕಾಗದದಿಂದ ಏನೂ ತಿಳಿಯುವುದಿಲ್ಲ.

ಪರೀಕ್ಷೆಯ ವಿಧಾನ ಐಎಸ್ 9845 ಎಂಬ ಭಾರತೀಯ ಮಾನಕದಲ್ಲಿದೆ. ಮಿತಿ 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ಯಾಕೇಜಿಂಗ್ ನಿಯಮಗಳಲ್ಲಿದೆ: ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ಅಂಶ, ಅಂದರೆ ಓವರಾಲ್ ಮೈಗ್ರೇಷನ್, ಕಿಲೋಗೆ 60 ಮಿ.ಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿ.ಗ್ರಾಂ ದಾಟಬಾರದು, ಕಣ್ಣಿಗೆ ಕಾಣುವಷ್ಟು ಬಣ್ಣವೂ ಬಿಡಬಾರದು. ಆಹಾರವನ್ನೇ ತುಂಬಿಟ್ಟು ಅದರಲ್ಲಿ ಇಳಿದ ಮಿಲಿಗ್ರಾಂ ಪ್ಲಾಸ್ಟಿಕ್ ಹುಡುಕುವುದು ಆಗದ ಮಾತು. ಅದಕ್ಕೇ ಆಹಾರದ ಗುಣವನ್ನು ಹೋಲುವ, ಆವಿಯಾಗಿಸಿ ಆರಿಸಿದರೆ ಹಿಂದೆ ಏನೂ ಉಳಿಯದ ದ್ರವ ತುಂಬುತ್ತೇವೆ. ಹುಳಿಯಿಲ್ಲದ ನೀರಿನಂಶದ ಪದಾರ್ಥಕ್ಕೆ ಡಿಸ್ಟಿಲ್ಡ್ ವಾಟರ್, ಪಿಎಚ್ 5ಕ್ಕಿಂತ ಕಡಿಮೆ ಇರುವ ಹುಳಿ ಪದಾರ್ಥಕ್ಕೆ 3% ಅಸಿಟಿಕ್ ಆಮ್ಲ, ಎಣ್ಣೆ-ಕೊಬ್ಬಿಗೆ ಪೆಟ್ರೋಲಿನಂಥ ದ್ರಾವಕವಾದ ಎನ್-ಹೆಪ್ಟೇನ್. ಎಣ್ಣೆ ತೇಲುವ ನಿಂಬೆ ಉಪ್ಪಿನಕಾಯಿಗೆ ಆಮ್ಲ, ಹೆಪ್ಟೇನ್ ಎರಡೂ ಬೇಕು. ಬೆಳಗಾವಿ ಕುಂದಾದ ಡಬ್ಬಿಗೆ ನೀರು ಮತ್ತು ಹೆಪ್ಟೇನ್. ಶೇಂಗಾ ಚಟ್ನಿಪುಡಿ ನೋಡಲು ಒಣಗಿದ್ದರೂ ನಾಲ್ಕು ದಿನಕ್ಕೆ ಎಣ್ಣೆ ಒಸರುತ್ತದೆ, ಅದನ್ನು ನಾನು ಎಣ್ಣೆಯ ಪದಾರ್ಥವೆಂದೇ ಹಿಡಿಯುತ್ತೇನೆ.

ರೋಲಿನ ಹೊರಗಿನ ಎರಡು ಮೂರು ಸುತ್ತು ಬಿಚ್ಚಿ ಬಿಸಾಕಿ, ಒಳಗಿನ ಫಿಲ್ಮಿನಿಂದ ಚೀಲ ಮಾಡುತ್ತೇನೆ. ಸೀಲಿನ ಒಳಗಡೆ 12.5 × 20 ಸೆಂ.ಮೀ. ಸಿಗಬೇಕು. ಎರಡು ಮೈ ಸೇರಿ 500 ಚದರ ಸೆಂ.ಮೀ., ಚದರ ಸೆಂ.ಮೀ.ಗೆ 1 ಮಿ.ಲೀ. ಲೆಕ್ಕದಲ್ಲಿ 500 ಮಿ.ಲೀ. ದ್ರವ. ಪ್ರತಿ ದ್ರವಕ್ಕೆ ಮೂರು ಚೀಲ, ಜೊತೆಗೆ ಪ್ಲಾಸ್ಟಿಕ್ ಮುಟ್ಟದ ಅದೇ ದ್ರವವನ್ನು ಅಷ್ಟೇ ಅಳತೆಯಲ್ಲಿ ಗಾಜಿನ ಫ್ಲಾಸ್ಕಿನಲ್ಲಿ ಬ್ಲ್ಯಾಂಕ್ ಎಂದು ಇಡುತ್ತೇನೆ; ಅದರ ಉಳಿಕೆಯನ್ನು ಕೊನೆಗೆ ಲೆಕ್ಕದಿಂದ ಕಳೆಯಲು. ಫಿಲ್ಮನ್ನು ತುಂಡು ಮಾಡಿ ದ್ರವದಲ್ಲಿ ಮುಳುಗಿಸುವ ದಾರಿಯೂ ಇದೆ. ಆದರೆ ಹಲವು ಪದರ ಅಂಟಿಸಿದ ಲ್ಯಾಮಿನೇಟ್ ಫಿಲ್ಮಿಗೆ ಅದು ಸಲ್ಲದು. ಕತ್ತರಿಸಿದ ಅಂಚಿನಿಂದ ಪದರಗಳ ನಡುವಿನ ಅಂಟು, ಹೊರಮೈಯಿಂದ ಶಾಯಿ ಎರಡೂ ದ್ರವಕ್ಕೆ ಇಳಿದು, ಒಳಪದರ ಮಾಡದ ತಪ್ಪು ಅದರ ತಲೆಗೆ ಬರುತ್ತದೆ.

ಅಸಿಟಿಕ್ ಆಮ್ಲಕ್ಕೆ ಒಂದು ಲೀಟರಿಗೆ 30 ಗ್ರಾಂ ಗ್ಲೇಶಿಯಲ್ ಅಸಿಟಿಕ್ ಹಾಕಿ ಡಿಸ್ಟಿಲ್ಡ್ ವಾಟರಿನಿಂದ ಲೀಟರ್ ತುಂಬಿಸುತ್ತೇನೆ. ದ್ರವವನ್ನು ಮೊದಲೇ 40 ಡಿಗ್ರಿಗೆ ಕಾಯಿಸಿ ತುಂಬಿ, ಗಾಳಿ ತೆಗೆದು ಸೀಲ್ ಮಾಡಿ, ಚೀಲದ ಸಮೇತ ತೂಗಿ, ಒಂದೇ ಉಷ್ಣತೆ ಕಾಯುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನಲ್ಲಿ 10 ದಿನ ಇಡುವುದು. ಕೊನೆಗೆ ಮತ್ತೆ ತೂಗಿದಾಗ ಎದ್ದು ಕಾಣುವಷ್ಟು ಕಡಿಮೆಯಾಗಿದ್ದರೆ ಸೀಲ್ ಜಿನುಗಿದೆ ಎಂದರ್ಥ, ಆ ಚೀಲ ಲೆಕ್ಕಕ್ಕಿಲ್ಲ. ಕರೆಂಟ್ ಹೋಗಿಬರುವ ಊರಿನಲ್ಲಿ ಇನ್‌ಕ್ಯುಬೇಟರಿನ ಒಳಗೆ ಕನಿಷ್ಠ-ಗರಿಷ್ಠ ಉಷ್ಣಮಾಪಕ ಇಡಲೇಬೇಕು. ಇಲ್ಲವಾದರೆ ರಾತ್ರಿ 28ಕ್ಕೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ‘40 ಡಿಗ್ರಿ ಎಂದರೆ ಬಹಳ ಕಠಿಣ ಪರೀಕ್ಷೆ’ ಎನ್ನುವವರಿಗೆ ನಾನು ಹೇಳುವುದು ಒಂದೇ: ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಪತ್ರಾಸ್ ಗೋದಾಮಿನ ಒಳಗೆ ಒಮ್ಮೆ ಉಷ್ಣಮಾಪಕ ಹಿಡಿದು ನಿಲ್ಲಿ. ಬಿಸಿಬಿಸಿಯಾಗಿ ತುಂಬುವ ಪದಾರ್ಥವಾದರೆ ಬೇರೆ ಷರತ್ತು, 70 ಡಿಗ್ರಿಯಲ್ಲಿ 2 ತಾಸು.

10 ದಿನದ ಮೇಲೆ ದ್ರವವನ್ನು ಬೀಕರಿಗೆ ಸುರಿದು, ಚೀಲವನ್ನು ಅದೇ ಬಗೆಯ ಹೊಸ ದ್ರವದಿಂದ ತೊಳೆದು ಅದನ್ನೂ ಸೇರಿಸಿ, 50-60 ಮಿ.ಲೀ. ಉಳಿಯುವವರೆಗೆ ಕುದಿಸದೆ ಆರಿಸುತ್ತೇನೆ. ಕುದಿಸಿದರೆ ಹನಿ ಹಾರುತ್ತದೆ. ಆಮೇಲೆ ಮೊದಲೇ ತೂಗಿಟ್ಟ ತಟ್ಟೆಗೆ ವರ್ಗಾಯಿಸಿ, ಬೀಕರನ್ನು ಮೂರು ಸಲ ತೊಳೆದು ಹಾಕಿ, ಪೂರ್ತಿ ಆರಿಸಿ, 100 ಡಿಗ್ರಿ ಓವನ್, ಅರ್ಧ ತಾಸು ಡೆಸಿಕೇಟರ್ (ಸಿಲಿಕಾ ಜೆಲ್ ಹಾಕಿದ, ತೇವ ತಾಗದ ಗಾಜಿನ ಪಾತ್ರೆ), ತೂಕ. ತೂಕ ನಿಲ್ಲುವವರೆಗೆ ಓವನ್-ಡೆಸಿಕೇಟರ್ ಸುತ್ತು ಮತ್ತೆ ಮತ್ತೆ. ಆಮ್ಲಕ್ಕೆ ಸಿಲಿಕಾ ತಟ್ಟೆಯೇ ಒಳ್ಳೆಯದು. ಸ್ಟೀಲ್ ತಟ್ಟೆಯನ್ನು ಬಿಸಿ ಆಮ್ಲ ಸ್ವಲ್ಪ ತಿಂದರೂ ಬ್ಲ್ಯಾಂಕ್ ಏರುತ್ತದೆ.

ಇಲ್ಲಿ ನಡೆಯುವುದೆಲ್ಲ ಮಿಲಿಗ್ರಾಂ ಆಟ. ಉಳಿಕೆ 5.8 ಮಿ.ಗ್ರಾಂ, ಬ್ಲ್ಯಾಂಕ್ 1.4 ಎಂದುಕೊಳ್ಳಿ. ಕಳೆದು ಉಳಿದ 4.4ನ್ನು 500ರಿಂದ ಭಾಗಿಸಿ 100ರಿಂದ ಗುಣಿಸಿದರೆ ಚದರ ಡೆಸಿಮೀಟರಿಗೆ 0.88 ಮಿ.ಗ್ರಾಂ. ಬೆರಳಿನ ಗುರುತು, ಗಾಳಿಯ ಜೊತೆ ಬಂದ ಕರಿಮಣ್ಣಿನ ಧೂಳು, ಗುಲಾಬಿಗೆ ತಿರುಗಿದ ನೀಲಿ ಸಿಲಿಕಾ ಜೆಲ್, ಇವುಗಳಲ್ಲಿ ಯಾವುದಾದರೂ ಒಂದೇ ಈ ಲೆಕ್ಕ ಕೆಡಿಸಬಲ್ಲದು. ನಮ್ಮ ಬೋರ್‌ವೆಲ್ ನೀರು ಗಡಸು, ಡಿಸ್ಟಿಲೇಶನ್ ಯಂತ್ರದಲ್ಲಿ ಸುಣ್ಣ ಕಟ್ಟಿದರೆ ಡಿಸ್ಟಿಲ್ಡ್ ವಾಟರಿನಲ್ಲೇ ಉಪ್ಪು ಬರುತ್ತದೆ. ಬ್ಲ್ಯಾಂಕ್ 2 ಮಿ.ಗ್ರಾಂ ದಾಟಿದರೆ ನಾನು ಆ ಸರಣಿಯನ್ನೇ ಬಿಟ್ಟು ಹೊಸದಾಗಿ ಶುರು ಮಾಡುತ್ತೇನೆ. ದೊಡ್ಡ ಬ್ಲ್ಯಾಂಕ್ ಕಳೆದು ಚಿಕ್ಕ ಉತ್ತರ ಬರೆಯುವುದು ನಂಬುವಂಥ ಕೆಲಸವಲ್ಲ.

ಹೆಪ್ಟೇನ್ ಪರೀಕ್ಷೆ ಗಡಿಯಾರ ನೋಡಿ ಮಾಡುವ ಕೆಲಸ: 38 ಡಿಗ್ರಿ, 30 ನಿಮಿಷ, ಅಷ್ಟೇ. ಹೆಪ್ಟೇನ್ ನಮ್ಮ ಅಡುಗೆ ಎಣ್ಣೆಗಿಂತ ಬಹಳ ಜೋರಾಗಿ ಪಾಲಿಥೀನಿನೊಳಗೆ ಹೊಕ್ಕು ಅದನ್ನು ಉಬ್ಬಿಸುತ್ತದೆ, ಹಾಗಾಗಿ ಬಂದ ಅಂಕಿಯನ್ನು 5ರಿಂದ ಭಾಗಿಸಬೇಕು. ಈ ಭಾಗಾಕಾರ ಹೆಪ್ಟೇನಿಗೆ ಮಾತ್ರ. ಆಮ್ಲದ ಫಲಿತಾಂಶವನ್ನೂ 5ರಿಂದ ಭಾಗಿಸಿದ ರಿಪೋರ್ಟ್ ಕಂಡರೆ ಹಿಂದಕ್ಕೆ ಕಳಿಸಿ. ಬೇಸಿಗೆಯ ಮಧ್ಯಾಹ್ನ ಇನ್ನೊಂದು ತೊಡಕು: ಎಸಿ ಇಲ್ಲದ ಕೋಣೆಯೇ 39 ಇದ್ದರೆ ವಾಟರ್ ಬಾತ್ 38ಕ್ಕೆ ಇಳಿಯುವುದಿಲ್ಲ, ಅದಕ್ಕೆ ಕಾಯಿಸುವುದಷ್ಟೇ ಗೊತ್ತು. ಹೆಪ್ಟೇನ್ ಕೆಲಸವನ್ನು ಬೆಳಗಿನ ಹೊತ್ತೇ ಮುಗಿಸುವುದು ಲೇಸು. ಅದನ್ನು ಆರಿಸುವಾಗ ಸುತ್ತಮುತ್ತ ಬೆಂಕಿ ಇರಕೂಡದು. ಆವಿ ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ನೀರಿನ ಹಬೆಯ ಮೇಲೆ ಮಾತ್ರ. ಕೋಣೆಯ ಉಷ್ಣತೆಯಲ್ಲೇ ಅದರ ಆವಿ ಕಿಡಿ ಹಿಡಿಯುತ್ತದೆ. ತಟ್ಟೆಯಲ್ಲಿ ಮೇಣದಂಥ ಜಿಡ್ಡು ಉಳಿದರೆ ಅದು ಹೆಚ್ಚಾಗಿ ಒಳಪದರದ ಪಾಲಿಥೀನಿನ ಚಿಕ್ಕ ಅಣುಗಳು ಮತ್ತು ಫಿಲ್ಮ್ ಜಾರಲೆಂದು ಬೆರೆಸಿದ ಸ್ಲಿಪ್ ಎಂಬ ವಸ್ತು.

ಆಮ್ಲದ ಪರೀಕ್ಷೆಯಲ್ಲಿ ಪಾಕೀಟಿಗಿಂತ ಹೆಚ್ಚು ಸೋಲುವುದು ಅಗ್ಗದ ಬಿಳಿ ಪಿಪಿ (ಪಾಲಿಪ್ರೊಪಿಲೀನ್) ಡಬ್ಬಿಗಳೇ. ಕಾರಣ ಸೀಮೆಸುಣ್ಣ. ದರ ಇಳಿಸಲು ಪಾಲಿಪ್ರೊಪಿಲೀನಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ನೀರಿನಲ್ಲಿ ಅದು ಕದಲುವುದಿಲ್ಲ, ರಿಪೋರ್ಟ್ ಚೊಕ್ಕವಾಗಿ ಬರುತ್ತದೆ. ಅದೇ ಡಬ್ಬಿಗೆ 3% ಆಮ್ಲ ಹಾಕಿದರೆ ಮೈಮೇಲಿನ ಸುಣ್ಣ ಕರಗಿ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತದೆ. ತೂಕವೂ ಬೆಳೆಯುತ್ತದೆ: 100 ಮಿ.ಗ್ರಾಂ ಸುಣ್ಣ 158 ಮಿ.ಗ್ರಾಂ ಅಸಿಟೇಟ್ ಆಗಿ ಕೂರುತ್ತದೆ. ತಟ್ಟೆ ಆರಿದಾಗ ತಳದಲ್ಲಿ ಬಿಳಿ ಪದರ, ಅಂಚಿನ ಸುತ್ತ ದಪ್ಪ ಉಂಗುರ, ಉಗುರು ತಾಗಿಸಿದರೆ ಪುಡಿಪುಡಿ. ತೂಕ ಬರೆದುಕೊಂಡ ಮೇಲೆ ಅದಕ್ಕೆ ಕ್ಲೋರೋಫಾರ್ಮ್ ಹಾಕಿ ನೋಡಿದರೆ ಕರಗುವುದಿಲ್ಲ, ನೀರು ಹಾಕಿದರೆ ಕರಗುತ್ತದೆ. ಪ್ಲಾಸ್ಟಿಕಿನ ಮೇಣ-ಜಿಡ್ಡಿನ ನಡತೆ ಇದಕ್ಕೆ ಉಲ್ಟಾ. ಸುಣ್ಣ ವಿಷವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಒಟ್ಟು ಮಿತಿ ದಾಟಿದ ಡಬ್ಬಿ ದಾಟಿದ್ದೇ. ಸುಣ್ಣ ಕಳಚಿದ ಮೈಯ ಸಣ್ಣ ಸಣ್ಣ ಗುಳಿಗಳಲ್ಲಿ ಹುಳಿ, ಎಣ್ಣೆ ಇನ್ನೂ ಒಳಕ್ಕೆ ಇಳಿಯುತ್ತವೆ. ಹುಳಿ ಪದಾರ್ಥಕ್ಕೆ ಅಂಥ ಡಬ್ಬಿ ನಾನು ಒಪ್ಪುವುದಿಲ್ಲ.

ಲ್ಯಾಬಿಗೆ ಕಳಿಸುವ ಮುಂಚೆ ಅಂಗಡಿಯಲ್ಲೇ ಇದನ್ನು ಕಂಡುಹಿಡಿಯಬಹುದು. ಡಬ್ಬಿಯ ಒಂದು ಚೂರನ್ನು ನೀರಿಗೆ ಹಾಕಿ, ಅಂಟಿದ ಗಾಳಿಗುಳ್ಳೆ ಬೆರಳಿನಿಂದ ಒರೆಸಿ. ಶುದ್ಧ ಪಿಪಿ ಸಾಂದ್ರತೆ 0.90ರ ಆಸುಪಾಸು, ತೇಲುತ್ತದೆ. ತೂಕದಲ್ಲಿ ಸುಮಾರು 15%ಗಿಂತ ಹೆಚ್ಚು ಸುಣ್ಣ ಸೇರಿದ್ದರೆ ಮುಳುಗುತ್ತದೆ. ಪಿಪಿ ಎಂದು ಮಾರಿದ ಡಬ್ಬಿ ಮುಳುಗಿದರೆ ಅದು ಪಿಪಿ ಅಲ್ಲ, ಇಲ್ಲವೇ ಬರೀ ಪಿಪಿ ಅಲ್ಲ.

ಈ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುವ ವಸ್ತುಗಳೂ ಇವೆ. ಆರಿಸುವಾಗ ಹಾರಿಹೋಗುವ ಶಾಯಿಯ ದ್ರಾವಕ, ಸ್ಟೈರೀನ್ ಮುಂತಾದವು ತಟ್ಟೆಯಲ್ಲಿ ಉಳಿಯುವುದೇ ಇಲ್ಲ. ಅದಕ್ಕೆ ಆವಿಯ ವಸ್ತುಗಳನ್ನು ಬಿಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು. ಕೈಯಳತೆಯ ಉಪಾಯವೆಂದರೆ ಫಿಲ್ಮನ್ನು ಮುಚ್ಚಳದ ಗಾಜಿನ ಬಾಟಲಿಯಲ್ಲಿ 60 ಡಿಗ್ರಿಗೆ ಅರ್ಧ ತಾಸು ಇಟ್ಟು ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡುವುದು. ಅದೇ ರೀತಿ ಆಂಟಿಮನಿ ಎಂಬ ಲೋಹಕ್ಕೆ ಕಿಲೋಗೆ 0.04 ಮಿ.ಗ್ರಾಂ, ಪ್ಲಾಸ್ಟಿಕ್ ಮೆದುವಾಗಿಸಲು ಬೆರೆಸುವ ಡಿಇಎಚ್‌ಪಿ ಎಂಬ ಥಾಲೇಟಿಗೆ 1.5 ಮಿ.ಗ್ರಾಂ, ಹೀಗೆ ಒಂದೊಂದಕ್ಕೆ ಪ್ರತ್ಯೇಕ ಮಿತಿಯಿದೆ. ಇಷ್ಟು ಸಣ್ಣ ಪ್ರಮಾಣ ನಮ್ಮ ತಕ್ಕಡಿಗೆ ಸಿಗುವುದಿಲ್ಲ, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಬೇಕು.

ಹಾಗೆ ಕಳಿಸುವಾಗ ಅರ್ಜಿಯಲ್ಲಿ ‘ಫುಡ್ ಗ್ರೇಡ್ ಟೆಸ್ಟ್’ ಎಂದು ಬರೆದರೆ ಮತ್ತೆ ನೀರಿನ ರಿಪೋರ್ಟೇ ಬರುತ್ತದೆ. ನಾನು ಬರೆಯುವುದು ಹೀಗೆ: ‘ಪದಾರ್ಥ: ಎಣ್ಣೆ ಇರುವ ನಿಂಬೆ ಉಪ್ಪಿನಕಾಯಿ, ಪಿಎಚ್ 5ಕ್ಕಿಂತ ಕಡಿಮೆ. ಐಎಸ್ 9845 ಪ್ರಕಾರ 3% ಅಸಿಟಿಕ್ ಆಮ್ಲದಲ್ಲಿ 40 ಡಿಗ್ರಿ, 10 ದಿನ, ಮತ್ತು ಎನ್-ಹೆಪ್ಟೇನಿನಲ್ಲಿ 38 ಡಿಗ್ರಿ, 30 ನಿಮಿಷ. ದ್ರವ ಒಳಮೈಗೆ ಮಾತ್ರ ತಾಗಬೇಕು. ಬ್ಲ್ಯಾಂಕ್ ಅಂಕಿ ಪ್ರತ್ಯೇಕ ತೋರಿಸಬೇಕು.’ ಕೆಳಗೆ ರೋಲಿನ ಬ್ಯಾಚ್ ನಂಬರ್. ಅದೇ ರೋಲಿನಿಂದ ಒಂದು ಮೀಟರ್ ಫಿಲ್ಮ್ ಕತ್ತರಿಸಿ, ಅದರ ಮೇಲೂ ನಂಬರ್ ಬರೆದು, ಆ ಬ್ಯಾಚಿನ ಮಾಲು ಮಾರಿ ಮುಗಿಯುವವರೆಗೆ ಎತ್ತಿಟ್ಟಿರುತ್ತೇನೆ.